ತೋಳಿನ ಮೇಲಿನ ಹುಂಜ

ಇದನ್ನು ಪೂರ್ತಿಯಾಗಿ ಹೇಳುವುದನ್ನು ನಾನು ಬಹಳ ಕಾಲ ಮುಂದಕ್ಕೆ ಹಾಕಿದೆ. ಅಪ್ಪ ಬದುಕಿರುವವರೆಗೆ ಬೇಡ ಅಂದುಕೊಂಡೆ. ಅಪ್ಪ ಹೋದ ಮೇಲೆ ಮಗಳ ಮದುವೆ ಆಗಲಿ ಅಂದುಕೊಂಡೆ. ಮದುವೆಯಾಗಿ ಮೊಮ್ಮಕ್ಕಳೂ ಆದರು. ಆಮೇಲೆ ಹೇಳದೇ ಇರಲು ಕಾರಣ ಹುಡುಕುವುದೇ ಒಂದು ಕೆಲಸವಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯಕ್ಕೆ ಹೋದವನು ನಾನು. ಬರವಣಿಗೆ ನನ್ನ ಕಸುಬಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ, ಅಷ್ಟೆ.

ನಮ್ಮ ಹಟ್ಟಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಕಡೆ, ಡಾಂಬರು ರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುತ್ತದೆ. ಅಲ್ಲಿ ಕೋಳಿ ಸಾಕುವುದಿಲ್ಲ. ತಿನ್ನುವುದೂ ಇಲ್ಲ. ಮೊಟ್ಟೆ ಕೂಡ ಬೇಲಿ ದಾಟಿ ಒಳಗೆ ಬರುವಂತಿಲ್ಲ. ನಮ್ಮಲ್ಲಿ ದೇವರ ಎತ್ತುಗಳಿವೆ. ಅವನ್ನು ಗಾಡಿಗೆ ಕಟ್ಟುವುದಿಲ್ಲ, ನೇಗಿಲಿಗೆ ಹೂಡುವುದಿಲ್ಲ, ಮಾರುವುದಿಲ್ಲ. ಕೋಳಿ ಕೆದಕಿದ ನೆಲದಲ್ಲಿ ಆ ಎತ್ತು ನಿಲ್ಲುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಯಾಕೆ ಎಂದು ನಾವು ಕೇಳಿದವರಲ್ಲ. ನಮಗೆ ಬೆಳಗಾಯಿತೆಂದು ತಿಳಿಸುತ್ತಿದ್ದುದು ಎತ್ತಿನ ಕೊರಳ ಗಂಟೆ.

ದೇವರನ್ನು ಒಂದು ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಎತ್ತುಗಳು ಹೊರಟಾಗ ಆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆಯುವವನು ನಮ್ಮ ಅಪ್ಪ. ಅವನಿಗಿಂತ ಮೊದಲು ನಮ್ಮ ತಾತ. ಅಪ್ಪನಾದ ಮೇಲೆ ನಾನು. ಚಿಕ್ಕಂದಿನಿಂದ ನನ್ನ ತಲೆಯನ್ನು ಅದಕ್ಕಾಗಿಯೇ ಕಾದಿಟ್ಟಂತೆ ಎಲ್ಲರೂ ನೋಡುತ್ತಿದ್ದರು. ಸೈನ್ಯಕ್ಕೆ ಹೊರಟಾಗಲೂ ಅವ್ವ ಹೇಳಿದ್ದು ಒಂದೇ: "ಎಲ್ಲಿಗಾದ್ರೂ ಹೋಗು, ಕೋಳಿ ಮುಟ್ಬ್ಯಾಡ."

ತರಬೇತಿ ಮುಗಿಸಿ ಪಲ್ಟನ್ನಿಗೆ ಸೇರಿದ ದಿನ ಕೈಗೊಂದು ಬಟ್ಟೆಯ ಬಿಲ್ಲೆ ಕೊಟ್ಟರು. ತೋಳಿನ ಮೇಲೆ ಹೊಲಿಸಿಕೊಳ್ಳುವುದು. ಗುರಾಣಿಯ ಆಕಾರ, ಕಡುಹಸಿರು ನೆಲ, ಅದರ ಮೇಲೆ ಬಿಳಿಯ ಹುಂಜ. ನನ್ನ ಕೈ ಮುಂದಕ್ಕೆ ಹೋಗಲಿಲ್ಲ.

ನಮ್ಮ ಸುಬೇದಾರ್ ಸಾಹೇಬರು ಗುಡ್ಡಗಾಡಿನ ಮುದುಕ. ಆ ಬಿಲ್ಲೆಯನ್ನು ಓದುವುದನ್ನು ಅವರೇ ಕಲಿಸಿದರು. ಹಸಿರು ಯಾಕೆಂದರೆ ಪಲ್ಟನ್ ಮೊದಲು ಕಾದಿದ್ದು ಕಾಡಿನ ಬೆಟ್ಟದಲ್ಲಿ. ಕೊಕ್ಕು ತೆರೆದಿರುವುದು ಯಾಕೆಂದರೆ ಊರೆಲ್ಲ ಮಲಗಿರುವಾಗ ಎಚ್ಚರವಾಗಿ ಕೂಗುವವನು ಇವನೇ. ಬಲಗಾಲು ಎತ್ತಿರುವುದು ಯಾಕೆಂದರೆ ಹುಂಜ ಕಾದಾಡುವಾಗ ಮುಂದಕ್ಕೇ ಒದೆಯುತ್ತದೆ. ಬಾಲದಲ್ಲಿ ಒಂದು ಗರಿ ಮೊಂಡಾಗಿತ್ತು. ಹೊಲಿಗೆಯ ತಪ್ಪಿರಬೇಕು ಅಂದುಕೊಂಡು ನಾನು ಅದರ ಮೇಲೆ ಬೆರಳಾಡಿಸಿದೆ. "ತಪ್ಪಲ್ಲ ಮಗಾ," ಎಂದು ಹಿಂದಿಯಲ್ಲಿ ಹೇಳಿದರು. "ಹಿಂದಿನ ಒಂದು ಲಡಾಯಿಯಲ್ಲಿ ಒಂದು ಕಂಪನಿ ಇಡಿಯಾಗಿ ವಾಪಸು ಬರಲಿಲ್ಲ. ಆ ಗರಿ ಅವರದು. ಎಲ್ಲಿ ಹೊಲಿಸಿದರೂ ಅದು ಮೊಂಡಾಗಿಯೇ ಇರಬೇಕು."

ನಮ್ಮ ಹಟ್ಟಿಯ ಕಟ್ಟಳೆಯನ್ನು ಅವರಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ನಕ್ಕವರು ಅಡುಗೆಮನೆಯವರು. ವಾರಕ್ಕೊಮ್ಮೆ ಎಲ್ಲರಿಗೂ ಕೋಳಿ, ನನಗೆ ಮಾತ್ರ ಬೇಳೆ. ಬಡಿಸುವ ಪಂಜಾಬಿ ಸೌಟು ಎತ್ತಿ ಕೂಗುತ್ತಿದ್ದ: "ನೋಡ್ರಪ್ಪಾ, ಇಡೀ ಪಲ್ಟನ್ನಿನಲ್ಲಿ ನಿಶಾನಿಗೆ ಮರ್ಯಾದೆ ಕೊಡುವವನು ಈ ಮದ್ರಾಸಿ ಒಬ್ಬನೇ! ನಾವೆಲ್ಲ ತೋಳಿಗೆ ಕಟ್ಟಿದ್ದನ್ನೇ ತಟ್ಟೆಗೂ ಹಾಕಿಕೊಳ್ಳುವ ಹರಾಮಿಗಳು!"

ಅವನು ತಮಾಷೆಗೆ ಹೇಳಿದ್ದು ನನ್ನ ಮನಸ್ಸಿಗೆ ಬೇರೆಯಾಗಿ ಹತ್ತಿತು. ನಮ್ಮಲ್ಲಿ ಒಂದೊಂದು ಬೆಡಗಿಗೂ, ಅಂದರೆ ಕುಲದ ಕವಲಿಗೂ, ಒಂದು ಗುರುತಿದೆ. ಕೆಲವರಿಗೆ ಮರ, ಕೆಲವರಿಗೆ ಪ್ರಾಣಿ. ಯಾವುದು ನಮ್ಮ ಕುಲದ ಗುರುತೋ ಅದನ್ನು ಕಡಿಯುವುದಿಲ್ಲ, ಸುಡುವುದಿಲ್ಲ, ತಿನ್ನುವುದಿಲ್ಲ. ಹಾಗಿದ್ದರೆ ಪಲ್ಟನ್ನೂ ಒಂದು ಬೆಡಗೇ ಆಯಿತಲ್ಲ. ಹಟ್ಟಿಯವರು ಹುಂಜವನ್ನು ಮುಟ್ಟದಿರುವುದು ಒಂದು ಕಾರಣಕ್ಕೆ, ನಾನು ತಿನ್ನದಿರುವುದು ಈಗ ಇನ್ನೊಂದು ಕಾರಣಕ್ಕೂ. ಅವತ್ತಿನಿಂದ ನನಗೆ ಆ ಬಿಲ್ಲೆಯ ಮೇಲೆ ಪ್ರೀತಿ ಹುಟ್ಟಿತು. ಮೊಂಡು ಗರಿ ಮೇಲೆ ಬರುವಂತೆ ಮಡಿಸಿ ಇಡುತ್ತಿದ್ದೆ.

ಆದರೆ ಆ ಪ್ರೀತಿ ಚಳ್ಳಕೆರೆಯವರೆಗೆ ಮಾತ್ರ. ರಜೆಗೆ ಬಂದಾಗಲೆಲ್ಲ ಬಸ್ ನಿಲ್ದಾಣದ ಹಿಂದಿನ ಒಬ್ಬ ಸಾಬರ ಹೊಲಿಗೆ ಅಂಗಡಿಗೆ ಮೊದಲು ಹೋಗುತ್ತಿದ್ದೆ. ಅವರು ಬ್ಲೇಡಿನಿಂದ ದಾರ ಬಿಚ್ಚಿ ಬಿಲ್ಲೆಯನ್ನು ತೆಗೆದುಕೊಡುತ್ತಿದ್ದರು. ವಾಪಸು ಹೊರಟಾಗ ಮತ್ತೆ ಹೊಲಿಸಿಕೊಂಡು ಬಸ್ ಹತ್ತುತ್ತಿದ್ದೆ. ನನ್ನನ್ನು ಕಂಡೊಡನೆ ಅವರು ಕೇಳುತ್ತಿದ್ದುದು ಒಂದೇ.

"ಕ್ಯಾ ಫೌಜಿ ಸಾಬ್, ಕೋಳಿ ಇಳಿಸ್ಬೇಕಾ, ಹತ್ತಿಸ್ಬೇಕಾ?"

"ಇಳಿಸ್ರಿ."

"ನಿಮ್ ತೋಳು ಜಾಳಾಗೋಯ್ತು, ಇನ್ನೊಂದ್ ಸಲ ಬಿಚ್ಚಿದ್ರೆ ಅಂಗಿ ಉಳಿಯಲ್ಲ. ಒಂದ್ಸಲ ಹಂಗೇ ಹೋಗ್ಬಿಡ್ರಿ ಅತ್ಲಾಗೆ. ನಿಮ್ಮ ದೇವ್ರು ಕೋಳಿಗೆ ಹೆದರ್ತಾನಾ?"

"ದೇವ್ರು ಹೆದರಲ್ಲ ಸಾಬ್ರೆ, ನಾನು ಹೆದರ್ತೀನಿ."

ಹಟ್ಟಿಯಲ್ಲಿ ನಿಮ್ಮ ಪಲ್ಟನ್ನಿನ ಗುರುತೇನು ಎಂದು ಕೇಳಿದವರಿಗೆ "ಹಂಸ" ಎಂದುಬಿಟ್ಟಿದ್ದೆ. ಮೊಳಕಾಲ್ಮೂರಿನ ಸೀರೆಯ ಅಂಚಿನಲ್ಲಿ ನೇಯುತ್ತಾರಲ್ಲ, ಅಂಥದ್ದು. ಎಲ್ಲರಿಗೂ ಸಂತೋಷವಾಯಿತು.

ನಿಜ ಗೊತ್ತಿದ್ದವರು ಇಬ್ಬರೇ. ನನ್ನ ಅಕ್ಕ, ಮತ್ತು ಅಕ್ಕನ ಗಂಡ. ಬಾವ ನಮ್ಮ ಸೋದರಮಾವನ ಮಗನೇ. ನನಗಿಂತ ಸ್ವಲ್ಪ ದೊಡ್ಡವನು. ದೇವರ ಎತ್ತುಗಳನ್ನು ಕಾಯುವ ಕಿಲಾರಿ ಅವನು. ವರ್ಷದ ಹೆಚ್ಚು ಭಾಗ ಗಂಡ ಹೆಂಡತಿ ಇಬ್ಬರೂ ಕಾವಲಿನ ಹುಲ್ಲಿನ ನಡುವೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಬಾಲ್ಯದಲ್ಲಿ ನಾನು ಅವನ ಹಿಂದೆ ಎತ್ತಿನ ಜೊತೆ ಅಲೆದವನು. ಅವನಿಗೆ ಹೇಳದ ಮಾತು ನನ್ನಲ್ಲಿ ಇರಲಿಲ್ಲ.

ತೊಂಬತ್ತರ ದಶಕದ ಮಧ್ಯದಲ್ಲಿ ನಿವೃತ್ತನಾದೆ. ಹೊರಡುವಾಗ ಪಲ್ಟನ್ನಿನವರು ಒಂದು ಮರದ ಗುರಾಣಿ ಕೊಟ್ಟರು. ನಡುವೆ ಹಿತ್ತಾಳೆಯ ಹುಂಜ, ಬಾಲದ ಗರಿ ಮೊಂಡು. ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ನನ್ನ ಹೆಸರು. ಸುಬೇದಾರ್ ಸಾಹೇಬರ ಜಾಗಕ್ಕೆ ಬಂದಿದ್ದವರು ಅದನ್ನು ಕೈಗಿಟ್ಟು, "ಮನೆಯ ಗೋಡೆಯ ಮೇಲೆ ಇರಲಿ, ಮಕ್ಕಳು ನೋಡಲಿ" ಎಂದರು. ಹೂಂ ಎಂದೆ. ಚಳ್ಳಕೆರೆಯಲ್ಲಿ ಇಳಿದರೆ ಸಾಬರ ಅಂಗಡಿ ಮುಚ್ಚಿತ್ತು. ಮಗನ ಜೊತೆ ಅವರು ದಾವಣಗೆರೆಗೆ ಹೋದರೆಂದು ಪಕ್ಕದ ಸೈಕಲ್ ಅಂಗಡಿಯವನು ಹೇಳಿದ. ನಿಲ್ದಾಣದ ಕಟ್ಟೆಯ ಮೇಲೆ ಕೂತು ಚಾಕುವಿನಿಂದ ಹೆಸರಿನ ಪಟ್ಟಿಯನ್ನು ಮೀಟಿ ತೆಗೆದು ಚರಂಡಿಗೆ ಎಸೆದೆ. ಯಾಕೆ ಹಾಗೆ ಮಾಡಿದೆ ಎಂದು ಅವತ್ತು ನನ್ನನ್ನು ಕೇಳಿದ್ದರೆ ಸುಮ್ಮನೆ ಅನ್ನುತ್ತಿದ್ದೆನೇನೋ. ಸುಮ್ಮನೆ ಅಲ್ಲ. ಕೈಗೆ ಮೊದಲೇ ಗೊತ್ತಿತ್ತು.

ಗುರಾಣಿಯನ್ನು ಎಸೆಯಲು ಮನಸ್ಸು ಬರಲಿಲ್ಲ, ಹಟ್ಟಿಗೆ ಒಯ್ಯುವಂತಿರಲಿಲ್ಲ. ನೇರವಾಗಿ ಕಾವಲಿನ ಗುಡಿಸಲಿಗೆ ಹೋದೆ.

ಬಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಲೇ ಮಿಲ್ಟ್ರಿ, ಗೌರ್ಮೆಂಟ್ನೋರು ನಿಂಗೆ ಇಷ್ಟು ವರ್ಷ ಅನ್ನ ಹಾಕಿ ಕೊನಿಗೆ ಕೋಳಿ ಕೊಟ್ ಕಳ್ಸಿದ್ರೇನಲೇ?"

"ಸ್ವಲ್ಪ ದಿನ ಇಟ್ಕಾ ಬಾವ. ಯಾರಿಗೂ ಹೇಳ್ಬ್ಯಾಡ."

"ದೇವ್ರೆತ್ತು ಇಲ್ಲೇ ಮಲಗ್ತಾವಲ್ಲೋ."

"ಹಿತ್ತಾಳೆ ಬಾವ. ಕೂಗಲ್ಲ, ಕೆದಕಲ್ಲ."

ಅವನು ಅಕ್ಕನ ಮುಖ ನೋಡಿದ. ಅಕ್ಕ ನನ್ನ ಕೈಯಿಂದ ಗುರಾಣಿ ತೆಗೆದುಕೊಂಡು ಹಳೆಯ ಕಂಬಳಿಯಲ್ಲಿ ಸುತ್ತಿ ಮಾಡಿನ ಗಳುವಿಗೆ ಕಟ್ಟಿದಳು. "ತಮ್ಮ ಕೇಳ್ತಾನೆ, ಇರ್ಲಿ ಬಿಡ್ರಿ," ಎಂದಳು. ಬಾವ, "ಆತು, ನನ್ ಬಾಯಿಂದ ಹೊರಗ್ ಬರಲ್ಲ," ಎಂದು ಮಾತು ಕೊಟ್ಟ.

ಮುಂದಿನ ಚಳಿಗಾಲದಲ್ಲಿ ತಾಲ್ಲೂಕಿನ ದನಗಳಿಗೆಲ್ಲ ಕಾಲುಬಾಯಿ ಬೇನೆ ಬಂತು. ದೇವರ ಎತ್ತುಗಳಿಗೂ ಬಂತು. ಬಾಯಲ್ಲಿ ಹುಣ್ಣು, ಜೊಲ್ಲು. ಗೊರಸು ಬಿರಿದು ನಿಲ್ಲಲಾರವು. ಮುಂದೆ ನಡೆಯುವ ಹಿರಿಯ ಎತ್ತು ಸತ್ತುಹೋಯಿತು. ಅದನ್ನು ಮಣ್ಣು ಮಾಡಿದ ಮರುದಿನವೇ ಬಾವ ಹಟ್ಟಿಯ ಯಜಮಾನರ ಬಳಿ ಹೋಗಿ ಎಲ್ಲವನ್ನೂ ಹೇಳಿಬಿಟ್ಟ.

ಆ ಹೊತ್ತಿಗೆ ಅಪ್ಪ ಮೊಣಕಾಲು ಹಿಡಿದು ಹಾಸಿಗೆ ಸೇರಿದ್ದ. ಪೆಟ್ಟಿಗೆಯನ್ನು ನನ್ನ ತಲೆಗೆ ದಾಟಿಸುವ ದಿನ ಗೊತ್ತಾಗಿತ್ತು. ಇನ್ನೇನು ನನ್ನದಾಗಬೇಕು ಅನ್ನುವಾಗ ನನ್ನನ್ನು ಗುಡಿಯ ಮುಂದೆ ಕರೆಸಿದರು. ಹಿರಿಯರೆಲ್ಲ ಕೂತಿದ್ದರು. ನಡುವೆ ಕಂಬಳಿ ಬಿಚ್ಚಿತ್ತು. ಹುಂಜ ಬಿಸಿಲಿಗೆ ಹೊಳೆಯುತ್ತಿತ್ತು. ಬಾವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

ಒಬ್ಬ ಹಿರಿಯರು, "ಗೊಂಬೆ ತಾನೇ, ಜೀವ ಇಲ್ಲ," ಎಂದರು. ಇನ್ನೊಬ್ಬರು ಬಿಡಲಿಲ್ಲ. "ಕಂಚಿನ ಬಸವಣ್ಣಂಗೆ ಕೈ ಮುಗೀತೀವಿ. ಹಂಗಾದ್ರೆ ಹಿತ್ತಾಳೆ ಹುಂಜ ಹುಂಜ ಅಲ್ಲೇನು?"

ಯಜಮಾನರು ನನ್ನ ಕಡೆ ತಿರುಗಿ, "ನಿಜಮಾ?" ಎಂದು ತೆಲುಗಿನಲ್ಲಿ ಕೇಳಿದರು. ಗಟ್ಟಿ ಮಾತಿಗೆ ಅವರು ಯಾವಾಗಲೂ ತೆಲುಗಿಗೆ ಇಳಿಯುತ್ತಿದ್ದರು. "ಇದು ನಿಂದೇ ಅಂತಾನೆ ನಿಮ್ಮ ಬಾವ."

ನಾನು ಹೇಳಿದ್ದು ಇದು. ಒಂದಕ್ಷರ ಬದಲಿಸದೆ ಬರೆಯುತ್ತೇನೆ. "ನಂದಲ್ಲ. ನಮ್ ಪಲ್ಟನ್ ಗುರ್ತು ಹಂಸ ಅಂತ ನಿಮಗೆಲ್ಲ ಗೊತ್ತೇ ಐತೆ. ಇಂಥವು ಚಳ್ಳಕೆರೆ ಗುಜರಿ ಅಂಗಡ್ಯಾಗೆ ರಾಶಿ ಬಿದ್ದಿರ್ತಾವೆ. ನಮ್ಮಪ್ಪನ ಪೆಟ್ಟಿಗೆ ನನ್ನ ತಲೆ ಮ್ಯಾಕೆ ಬರಾದು ಯಾರಿಗೆ ಹೊಟ್ಟೆಯುರಿಯೋ ನಂಗೊತ್ತಿಲ್ಲ."

ಬಾವ ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಾಗಿರಲಿಲ್ಲ. ಗುರುತು ಸಿಗದವನನ್ನು ನೋಡುವಂತೆ ನೋಡಿದ. "ಲೇ..." ಎಂದ. ಆಮೇಲೆ ಯಜಮಾನರಿಗೆ, "ನನ್ನ ಹೆಂಡ್ರನ್ನ ಕೇಳ್ರಿ. ಮಾಡಿಗೆ ಕಟ್ಟಿದ್ದೇ ಅವ್ಳು," ಎಂದ.

ನಮ್ಮಲ್ಲಿ ಹೆಂಗಸರನ್ನು ಅಲ್ಲಿಗೆ ಕರೆಯುವ ರೂಢಿಯಿಲ್ಲ. ಅವತ್ತು ಕರೆದರು. ಅಕ್ಕ ಸೆರಗು ಹೊದ್ದು ಬಂದು ಬೇವಿನ ಮರದ ಪಕ್ಕ ನಿಂತಳು. "ಏನಮ್ಮಾ, ಇದನ್ನ ತಂದ್ ಕೊಟ್ಟಿದ್ದು ನಿನ್ ತಮ್ಮನೇನು?" ಎಂದು ಕೇಳಿದರು. ಅವಳು ಗಂಡನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನನ್ನ ಕಣ್ಣಿನಲ್ಲಿ ಏನು ಕಂಡಿತೋ.

"ನಂಗೊತ್ತಿಲ್ಲ," ಎಂದಳು.

ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಆಣೆ ಮಾಡು ಎಂದರು. ಮಾಡಿದೆ. ನಿನ್ನದಲ್ಲವಾದರೆ ನೀನೇ ಎತ್ತಿ ಪಾಳುಬಾವಿಗೆ ಹಾಕು ಎಂದರು. ಹಾಕಿದೆ. ಮರದ ಗುರಾಣಿಯಲ್ಲವೇ, ಒಮ್ಮೆಲೇ ಮುಳುಗಲಿಲ್ಲ. ಹುಂಜ ಮೇಲ್ಮುಖವಾಗಿ ತೇಲುತ್ತಿತ್ತು. ಯಾರೋ ಕಲ್ಲು ಎತ್ತಿ ಹಾಕಿ ಮುಳುಗಿಸಿದರು.

ಬಾವನಿಂದ ಎತ್ತು ಕಾಯುವ ಕೋಲು ಕಿತ್ತುಕೊಂಡರು. ಪೆಟ್ಟಿಗೆ ನನ್ನ ತಲೆಗೆ ಬಂತು.

ಇಷ್ಟಾದ ಮೇಲೂ ನನಗೆ ಅನಿಸಿದ್ದೇನು ಗೊತ್ತೇ? ನಂಬಿ ಕೆಟ್ಟೆ ಅಂತ. ಸುಳ್ಳು ಹೇಳಿದವನು ನಾನು, ಆದರೆ ಎದೆಯಲ್ಲಿ ಉರಿಯುತ್ತಿದ್ದುದು ಮೋಸ ಹೋದವನ ಉರಿ. ಮಾತು ಕೊಟ್ಟು ತಪ್ಪಿದ, ಉಂಡ ಮನೆಗೆ ಎರಡು ಬಗೆದ, ಹೆಣ್ಣು ಕೊಟ್ಟ ಮನೆಯ ಕತ್ತು ಕೊಯ್ದ ಎಂದು ಹಗಲೂ ರಾತ್ರಿ ಒಳಗೇ ಬಯ್ಯುತ್ತಿದ್ದೆ. ಗಡಿಯಲ್ಲಿ ಶತ್ರು ಎದುರಿಗೆ ಇರುತ್ತಾನೆ, ಇಲ್ಲಿ ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತಾನೆ ಎಂದು ಹೆಂಡತಿಯ ಮುಂದೆ ಹೇಳಿ ಹೇಳಿ ಅವಳಿಗೂ ನಂಬಿಸಿದೆ. ದೇವರ ಪೆಟ್ಟಿಗೆ ಹೊತ್ತು ನಡೆಯುವಾಗಲೂ ನನ್ನ ಮನಸ್ಸಿನಲ್ಲಿ ದೇವರಿರಲಿಲ್ಲ. ಬಾವ ಮಾಡಿದ ದ್ರೋಹವಿತ್ತು. ಎದೆಗೆ ಬಿದ್ದ ಏಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವುದರಲ್ಲಿ ಒಂದು ಸುಖವೂ ಇತ್ತು. ಆ ಸುಖಕ್ಕಾಗಿಯೇ ಅದನ್ನು ಆರಲು ಬಿಡಲಿಲ್ಲ.

ಹಬ್ಬಕ್ಕೆ ಅಕ್ಕನಿಗೆ ಕುಪ್ಪಸದ ಕಣ ಕಳಿಸುವುದನ್ನು ನಿಲ್ಲಿಸಿದೆ. ಮಗಳ ಮದುವೆಗೆ ಕರೆಯಲಿಲ್ಲ. ಅವರ ಮನೆಯ ಬಾಗಿಲು ನನಗೆ ಬೇಡ ಎಂದೆ. ನನಗಾಗಿ ಸುಳ್ಳು ಹೇಳಿದವಳಿಗೂ ಅದೇ ಶಿಕ್ಷೆ ಕೊಟ್ಟೆ. ಒಮ್ಮೆಯೂ ಅದು ಅನ್ಯಾಯ ಅನ್ನಿಸಲಿಲ್ಲ.

ಮೇಲೆ ಬರೆಯುವಾಗ ಒಂದು ಸಂಗತಿ ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಬಾವ ಯಜಮಾನರ ಬಳಿಗೆ ಹೋಗುವ ಮೊದಲು ನನ್ನ ಬಳಿಗೇ ಬಂದಿದ್ದ. ಎತ್ತುಗಳ ಬಾಯಲ್ಲಿ ಜೊಲ್ಲು ಸುರಿಯಲು ಶುರುವಾದಾಗ ಹೊಲದ ಬದುವಿನ ಮೇಲೆ ನನ್ನೆದುರು ಕುಕ್ಕರುಗಾಲಲ್ಲಿ ಕೂತು, "ನಿಂದನ್ನ ನೀನು ತಗಂಡ್ ಹೋಗಲೇ. ನಂಗೆ ಭಯ ಆಗ್ತೈತೆ," ಎಂದಿದ್ದ. ನಾಳೆ ಬರುತ್ತೇನೆ ಎಂದೆ. ಮತ್ತೆ ಹೇಳಿ ಕಳಿಸಿದ. ಪೆಟ್ಟಿಗೆಯ ಶಾಸ್ತ್ರ ಮುಗಿಯಲಿ ಎಂದೆ. ಅಷ್ಟರಲ್ಲಿ ಎತ್ತು ಸತ್ತಿತು. ಬೇನೆ ಹುಂಜದಿಂದ ಬಂದದ್ದಲ್ಲವೆಂದು ಚಳ್ಳಕೆರೆಯ ದನದ ಡಾಕ್ಟರು ಹೇಳಿದ್ದರು, ನಾನೂ ಬಲ್ಲೆ. ಆದರೆ ಅವನು ಆ ಎತ್ತುಗಳನ್ನು ಮಕ್ಕಳಂತೆ ಸಾಕಿದವನು. ಅವನು ನನಗೆ ಕೊಟ್ಟ ಮಾತಿಗೂ ಅವುಗಳ ಜೀವಕ್ಕೂ ನಡುವೆ ಅವನನ್ನು ನಿಲ್ಲಿಸಿದ್ದು ನಾನು. ಮೋಸ ಹೋದೆ ಎಂದು ಎಲ್ಲರಿಗೆ ಹೇಳುವಾಗ ಈ ಸಂಗತಿಯನ್ನು ನಾನು ಯಾವಾಗಲೂ ಬಿಟ್ಟೇ ಹೇಳುತ್ತಿದ್ದೆ.

ಗಡಿಯಲ್ಲಿ ಲಡಾಯಿ ನಡೆದ ವರ್ಷ ಹಟ್ಟಿಯಲ್ಲಿ ಒಬ್ಬರ ಮನೆಗೆ ಟೀವಿ ಬಂದಿತ್ತು. ಸಂಜೆ ಎಲ್ಲರೂ ಅಲ್ಲಿ ಸೇರುತ್ತಿದ್ದರು. ಒಂದು ದಿನ ಹೆಣದ ಪೆಟ್ಟಿಗೆಗಳನ್ನು ಹೊತ್ತು ನಡೆಯುವುದನ್ನು ತೋರಿಸಿದರು. ಹೊತ್ತವನ ತೋಳು ಪರದೆಯ ಹತ್ತಿರ ಬಂತು. ಕಡುಹಸಿರು, ಬಿಳಿಯ ಹುಂಜ.

"ಅದ್ಯಾವ ಪಲ್ಟನ್ನೋ? ತೋಳ್ ಮ್ಯಾಲೆ ಕೋಳಿ ಐತಲ್ಲ," ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು.

"ಗೊತ್ತಿಲ್ಲ," ಎಂದೆ.

ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಯಜಮಾನರು ಹಿಂದೆಯೇ ಎದ್ದು ಬಂದಿದ್ದರು. ಆಗ ಅವರಿಗೆ ತುಂಬ ವಯಸ್ಸಾಗಿತ್ತು. ಬೆನ್ನು ಸವರಿ ನೀರು ಕೊಟ್ಟು, ಪಿಸುಮಾತಿನಲ್ಲಿ ಹೇಳಿದರು: "ನಮಗೆ ಅವತ್ತೇ ಗೊತ್ತಿತ್ತು ಕಣೋ. ತಪ್ಪಾತು ಅಂದಿದ್ರೆ ಗಂಜಲ ಚಿಮುಕ್ಸಿ ಒಳಗ್ ಕರ್ಕಂತಿದ್ವಿ. ಪೆಟ್ಟಿಗೆನೂ ಕೊಡ್ತಿದ್ವಿ. ನೀನು ಎತ್ತಿನ ಮ್ಯಾಲೆ ಆಣೆ ಮಾಡ್ಬಿಟ್ಟೆ. ಆಣೆ ಆದ್ಮ್ಯಾಲೆ ನಮ್ ಕೈ ಕಟ್ಟೋಯ್ತು."

ಮೊದಲು ಪೆಟ್ಟಿಗೆಯನ್ನು ನನ್ನ ತಮ್ಮನ ಮಗನಿಗೆ ಬಿಟ್ಟುಕೊಟ್ಟೆ. ಆಮೇಲೆ ಹಿರಿಯರೆದುರು ನಿಂತು ಆ ಹುಂಜ ನನ್ನದೇ ಎಂದು ಒಪ್ಪಿಕೊಂಡೆ. ಬಾವನ ಮುಂದೆ ಹೋಗಿ ನಿಲ್ಲಲು ಮಾತ್ರ ಇನ್ನೂ ಕೆಲವು ವರ್ಷ ಹಿಡಿಯಿತು.

ಅವರು ಚಳ್ಳಕೆರೆಗೆ ಹೋಗಿಬಿಟ್ಟಿದ್ದರು. ಬಾವ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊರುವ ಹಮಾಲಿ. ಮಿಲ್ಲಿನ ಹಿಂದಿನ ಸಾಲಿನಲ್ಲಿ ಒಂದು ಕೋಣೆಯ ಮನೆ. ನಾನು ಹೋದಾಗ ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಹೆಗಲ ಮೇಲೆ ಹಿಂಡಿಯ ಪುಡಿ ಅಂಟಿತ್ತು. ನನ್ನನ್ನು ನೋಡಿ, "ಏನಲೇ ಮಿಲ್ಟ್ರಿ, ದಾರಿ ತಪ್ತಾ?" ಎಂದ. ಅಷ್ಟು ವರ್ಷದ ಮೇಲೆ.

ಅವನ ಕಾಲು ಮುಟ್ಟಲು ಬಗ್ಗಿದೆ. ರಟ್ಟೆ ಹಿಡಿದು ಎತ್ತಿದ. "ತಪ್ಪಾತು ಬಾವ" ಎಂದೆ. ಅಳು ಬಂತು.

"ಬಿಡಲೇ. ಎತ್ತು ಕಾಯಾದು ತಪ್ತು, ಚೀಲ ಹೊರಾದು ಸಿಕ್ತು. ಎತ್ತಿನಂಗೆ ಚೀಲಕ್ಕೆ ಜ್ವರ ಬರಲ್ಲ, ರಾತ್ರಿ ನಿದ್ದೆ ಬರ್ತೈತೆ." ನಕ್ಕ. ಆಮೇಲೆ ತಟ್ಟೆಯ ಮೇಲಿನ ಮುದ್ದೆ ಮುರಿಯುತ್ತ, ನನ್ನನ್ನು ನೋಡದೆ ಹೇಳಿದ: "ನೀನು ಅಂದಿದ್ದು ನಂಗೆ ಅಷ್ಟು ನೋವಾಗ್ಲಿಲ್ಲ ಕಣಲೇ. ನಿಂಗೆ ಪೆಟ್ಟಿಗೆ ಆಸೆ ಇತ್ತು, ತಿಳೀತೈತೆ. ಇವ್ಳು ಗೊತ್ತಿಲ್ಲ ಅಂದ್ಲು ನೋಡು, ಅದು ಹೋಗವಲ್ದು. ಅವತ್ತಿಂದ ಇವ್ಳ ಕೈಯಾಗಿನ ನೀರು ಇಸ್ಕಂಡಿಲ್ಲ ನಾನು. ಕೊಡದಿಂದ ನಾನೇ ಬಗ್ಗಿಸ್ಕಂತೀನಿ."

ಅಕ್ಕ ಒಲೆಯ ಮುಂದೆ ಕೂತಿದ್ದಳು. ಕೇಳಿಸಿತ್ತು. ಕೋಣೆ ಇದ್ದದ್ದೇ ಅಷ್ಟು. ಸೆರಗಿನಿಂದ ಕೈ ಒರೆಸಿಕೊಂಡು ನನಗೊಂದು ತಟ್ಟೆ ಇಟ್ಟಳು, ಮುದ್ದೆ ಹಾಕಿದಳು, ಸಾರು ಬಿಟ್ಟಳು. "ಉಣ್ಣು ತಮ್ಮ," ಎಂದಳು.

ಆಗ ಒಂದು ಮಾತು ಹೇಳಬಹುದಾಗಿತ್ತು. ಬಾವ, ಅವಳು ಹಾಗೆ ಹೇಳಿದ್ದು ನನ್ನ ಮುಖ ನೋಡಿ, ನನ್ನ ಕಣ್ಣು ಅವಳನ್ನು ಬೇಡಿತ್ತು ಎಂದು. ಅಷ್ಟು ಹೇಳಿದ್ದರೆ ಅವನು ಅವತ್ತು ಅವಳ ಕೈಯಿಂದ ನೀರು ಇಸಿದುಕೊಳ್ಳುತ್ತಿದ್ದನೋ ಏನೋ. ಆದರೆ ನನಗೆ ಕ್ಷಮೆ ಸಿಕ್ಕಿತ್ತು, ಎದೆ ಹಗುರಾಗಿತ್ತು. ಆ ಹಗುರವನ್ನು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಉಂಡು ಕೈ ತೊಳೆದು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಾಗಿಲವರೆಗೆ ಬಂದವಳು ಅವಳೇ. ಆ ವರ್ಷದ ಮಳೆಗಾಲ ಶುರುವಾಗುವ ಮೊದಲು ಅವಳು ತೀರಿಕೊಂಡಳು ಎಂದು ಸುದ್ದಿ ಬಂತು.

ಎಲ್ಲರ ಬಳಿಯೂ ತಪ್ಪೊಪ್ಪಿಕೊಂಡವನು ಎಂದು ಹಟ್ಟಿಯವರು ಇವತ್ತು ನನ್ನನ್ನು ದೊಡ್ಡ ಮನುಷ್ಯನೆಂದು ಕರೆಯುತ್ತಾರೆ. ಎಲ್ಲರ ಬಳಿಯೂ ಅಲ್ಲ. ನಾನು ಕ್ಷಮೆ ಕೇಳದೆ ಬಿಟ್ಟದ್ದು ನನ್ನ ಅಕ್ಕನನ್ನು.